ಗ್ರೀಕ್ ಪ್ರಹಸನದಲ್ಲಿ ಕೇಳಿಸಿದ ಕನ್ನಡ

ಹೋದ ತಿಂಗಳು ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದಾಗ ಸುಟ್ಟ ಕಟ್ಟಿಗೆಯ ವಾಸನೆ ಒಳಗೆ ಬಂತು. ಸಮುದ್ರದಾಚೆ ಸುಮಾತ್ರಾದ ಕಾಡಿಗೆ ಬೆಂಕಿ ಬಿದ್ದ ವರ್ಷಗಳಲ್ಲಿ ಗಾಳಿ ಈ ಕಡೆ ತಿರುಗಿದರೆ ಸಿಂಗಪುರದ ಮೇಲೆಲ್ಲ ಹೊಗೆ ಕವಿಯುತ್ತದೆ. ಎದುರಿನ ಬ್ಲಾಕಿನ ಗೋಡೆಯ ಮೇಲಿನ ನಂಬರು ಮಸುಕಾಗಿತ್ತು. ಬಟ್ಟೆ ಒಣಹಾಕಿದ್ದ ಕೋಲುಗಳನ್ನು ಒಳಗೆಳೆದುಕೊಂಡು ಕಿಟಕಿ ಮುಚ್ಚಿದೆ. ಚಹಾ ಮಾಡಿಕೊಂಡು ಕೂತವಳಿಗೆ ಮತ್ತೆ ಏಳಲು ಮನಸ್ಸಾಗಲಿಲ್ಲ. 2006ರ ಅಕ್ಟೋಬರಿನಲ್ಲಿ ಇದೇ ವಾಸನೆ ವಾರಗಟ್ಟಲೆ ನಮ್ಮ ಮನೆಯಲ್ಲಿತ್ತು. ಆಗ ಶುರುವಾದ ಆ ಆರೇಳು ತಿಂಗಳ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಏನು ನಡೆಯಿತೆಂಬುದು ಚೆನ್ನಾಗಿ ನೆನಪಿದೆ, ಅದನ್ನು ಹೇಗೆ ತಿಳಿದುಕೊಳ್ಳಬೇಕೆಂಬುದು ಮಾತ್ರ ಗೊತ್ತಾಗದೆ ಪ್ರತಿ ಸಲವೂ ಎದ್ದುಬಿಟ್ಟಿದ್ದೇನೆ. ಈ ಸಲ ನಡೆದದ್ದಷ್ಟನ್ನು ಬರೆದುಬಿಡುತ್ತೇನೆ.

ನಾನು ಗದಗಿನವಳು. ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಊರಿನ ಕಾಲೇಜಿನಲ್ಲಿ ಎರಡು ವರ್ಷ ಪಾಠ ಮಾಡಿದ್ದೆ. ಗಂಡ ಶಿವಾನಂದ ರಾಣೆಬೆನ್ನೂರಿನವರು, ಸಿಂಗಪುರದ ಸೆಲೆಟಾರಿನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್. ನಾವು ಸೆಂಗ್‌ಕಾಂಗಿನಲ್ಲಿ ಬಾಡಿಗೆಗಿದ್ದೆವು. ಆಗ ಸಿಂಗಪುರದಲ್ಲಿ ಎಲ್ಲಿ ನೋಡಿದರೂ ಕ್ರೇನು, ಎಲ್ಲಿ ನೋಡಿದರೂ ಅರ್ಧ ಎದ್ದ ಕಾಂಡೊ ಕಟ್ಟಡ. ಆಕಾಶದಲ್ಲಿ ವಿಮಾನ ಹೆಚ್ಚಾದಂತೆ ಅವರ ಶಿಫ್ಟುಗಳೂ ಹೆಚ್ಚಾಗಿದ್ದವು. ನನಗೆ ಕೆಲಸವಿರಲಿಲ್ಲ. ನನಗಿದ್ದದ್ದು ಮಗಳು ನೀಲಾ. ಅವಳಿಗೆ ಎರಡೂವರೆ ವರ್ಷವಾಗಿತ್ತು, ಇನ್ನೂ ಮಾತು ಬಂದಿರಲಿಲ್ಲ.

ಮಾತು ಬಂದಿರಲಿಲ್ಲ ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಹಾಗೆ ಹೇಳಿದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅವಳು ದಿನವಿಡೀ ಏನೋ ಗುನುಗುತ್ತಿದ್ದಳು. ಆ ಗುನುಗಿನಲ್ಲಿ ನನಗೆ ಮಾತುಗಳು ಕೇಳುತ್ತಿದ್ದವು. ಒಂದು ಹಳೇ ಡೈರಿಯಲ್ಲಿ ಅವನ್ನು ಬರೆದಿಟ್ಟುಕೊಂಡಿದ್ದೆ. 'ಅಬಾ' ಎಂದರೆ ಹಾಲು. 'ನೂ' ಎಂದರೆ ನೀರು. 'ಗೆಗೆ' ಎಂದರೆ ಕಾಲಿನ ಗೆಜ್ಜೆ. ಒಟ್ಟು ಹನ್ನೊಂದು. ಪಾಲಿಕ್ಲಿನಿಕ್ಕಿನಲ್ಲಿ ತಪಾಸಣೆಗೆ ಹೋದಾಗ ನರ್ಸ್ ಒಂದು ಫಾರ್ಮ್ ಇಟ್ಟುಕೊಂಡು, ಮಗು ಎಷ್ಟು ಪದ ಆಡುತ್ತದೆ ಎಂದು ಕೇಳಿದರು. ಹನ್ನೊಂದು ಅಂದೆ. ಸ್ಪಷ್ಟವಾಗಿ ಆಡುತ್ತಾಳಾ ಎಂದು ಮತ್ತೆ ಕೇಳಿದರು. ನಮ್ಮ ಭಾಷೆ ಗೊತ್ತಿದ್ದವರಿಗೆ ಸ್ಪಷ್ಟ ಎಂದೆ. ಆಕೆ ಬರೆದುಕೊಂಡರು.

ಶಿವಾನಂದರಿಗೆ ಅವರ ಆಫೀಸಿನವರು ಯಾರೋ, ಮನೆಯಲ್ಲಿ ಎರಡು ಮೂರು ಭಾಷೆ ಕಲಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ, ಇಂಗ್ಲಿಷೊಂದೇ ಇಟ್ಟುಕೊಳ್ಳಿ ಎಂದು ಹೇಳಿದ್ದರು. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಮರುದಿನದಿಂದಲೇ ಮಗಳ ಜೊತೆ ರಾಣೆಬೆನ್ನೂರಿನ ಇಂಗ್ಲಿಷ್ ಮಾತಾಡಲು ಶುರುಮಾಡಿದರು. ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಆಕಿ ಕನ್ನಡ ಆಡಾಕತ್ತಾಳ, ಅದನ್ನ ಬಿಡಸಬ್ಯಾಡ್ರಿ ಎಂದು ಡೈರಿ ತೋರಿಸಿದೆ. ಅವರು ಪುಟ ತಿರುವಿ ನೋಡಿ ಮೇಜಿನ ಮೇಲಿಟ್ಟರು.

"ಆಕಿ ಏನೂ ಅನ್ನಂಗಿಲ್ಲ ಗಿರಿಜಾ. ಅನ್ನಾಕಿ ನೀ."

"ನಿಮಗ ಕೇಳಸಂಗಿಲ್ಲ. ದಿನಾ ಎಂಜಿನ್ ಗದ್ದಲದಾಗ ಇರ್ತೀರಿ," ಎಂದೆ.

ಆ ಮಾತು ಅವರಿಗೆ ಚುಚ್ಚಿತು. ಮೂರು ದಿನ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು.

ಹೊರಗೆ ಹೊಗೆ, ಒಳಗೆ ಇದು. ಹೀಗಿರುವಾಗ ವಿದ್ಯಾ ಫೋನ್ ಮಾಡಿದಳು. ವಿದ್ಯಾ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ, ಇಲ್ಲಿಯ ಕನ್ನಡದವರ ಹಬ್ಬ ಹರಿದಿನಗಳನ್ನೆಲ್ಲ ಮುಂದೆ ನಿಂತು ನಡೆಸುವವಳು. ಕ್ಲೆಮೆಂಟಿ ಹತ್ತಿರದ ಯೂನಿವರ್ಸಿಟಿಗೆ ಒಂದು ವರ್ಷದ ಮಟ್ಟಿಗೆ ಗ್ರೀಸಿನಿಂದ ಒಬ್ಬ ಪ್ರೊಫೆಸರ್ ಬಂದಿದ್ದಾರೆ, ಅವರಿಗೆ ಹಳಗನ್ನಡ ಓದಿದವರು ಬೇಕಂತೆ, ನಿನ್ನ ಹೆಸರು ಕೊಟ್ಟುಬಿಟ್ಟಿದ್ದೇನೆ ಎಂದಳು. ಗ್ರೀಕರಿಗೆ ಹಳಗನ್ನಡ ಯಾಕೆ ಎಂದು ಕೇಳುವಷ್ಟರಲ್ಲಿ ನನಗೇ ಹೊಳೆಯಿತು. ಎಂ.ಎ.ಯಲ್ಲಿ ಅದರ ಮೇಲೆ ಒಂದು ಗಂಟೆಯ ಪಾಠವಿತ್ತು. ಪರೀಕ್ಷೆಯಲ್ಲಿ ಕನ್ನಡದ ಪ್ರಾಚೀನತೆಯ ಪ್ರಶ್ನೆ ಬಂದರೆ ಎಲ್ಲರೂ ಒಂದು ಪ್ಯಾರಾ ಬರೆಯುತ್ತಿದ್ದೆವು: ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಆ ಮಾತುಗಳನ್ನು ನಾವು ಯಾರೂ ಕಣ್ಣಿಂದ ನೋಡಿರಲಿಲ್ಲ.

ನೀಲಾಳನ್ನು ಪಕ್ಕದ ಮನೆಯ ಲಿಮ್ ಆಂಟಿ ನೋಡಿಕೊಳ್ಳುತ್ತೇನೆಂದರು. ಅರವತ್ತು ದಾಟಿದ ಚೀನೀ ಹೆಂಗಸು. ಮಕ್ಕಳೆಲ್ಲ ದೊಡ್ಡವರಾಗಿ ಬೇರೆ ಬೇರೆ ಕಡೆ ಮನೆ ಮಾಡಿದ್ದರು. ನನ್ನ ಇಂಗ್ಲಿಷ್ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದು ನನಗೆ ಅರ್ಧ. ಮಂಗಳವಾರ ಮತ್ತು ಗುರುವಾರ ಮಗಳನ್ನು ಅವರ ಬಾಗಿಲಲ್ಲಿ ಬಿಟ್ಟು, ಲೈಟ್ ರೈಲು ಹತ್ತಿ, ಸೆಂಗ್‌ಕಾಂಗ್ ಸ್ಟೇಷನ್ನಿನಲ್ಲಿ ಎಂಆರ್‌ಟಿ ಎಂಬ ಮೆಟ್ರೊ ಹಿಡಿದು, ನಡುವೆ ಒಂದು ಕಡೆ ಬದಲಿಸಿ ಕ್ಲೆಮೆಂಟಿಗೆ ಹೋಗತೊಡಗಿದೆ. ಮದುವೆಯಾದ ಮೇಲೆ ಮೊದಲ ಸಲ ಕೈಯಲ್ಲಿ ಒಂದು ಪುಸ್ತಕ ಹಿಡಿದು ಮನೆಯಿಂದ ಹೊರಬಿದ್ದಿದ್ದೆ.

ಪ್ರೊಫೆಸರ್ ಹೆಸರು ಎಲೆನಿ. ಐವತ್ತೈದರ ಆಸುಪಾಸು, ಗಿಡ್ಡ ಕೂದಲು, ಎಸಿಗೆ ಹೆದರಿ ಯಾವಾಗಲೂ ಹೆಗಲ ಮೇಲೆ ಉಣ್ಣೆಯ ಶಾಲು. ನಾಟಕದ ವಿದ್ಯಾರ್ಥಿಗಳಿಂದ ಆ ಪ್ರಹಸನವನ್ನು ಮಾರ್ಚಿನಲ್ಲಿ ಆಡಿಸುವುದು ಅವರ ಯೋಜನೆ. ಮೊದಲ ದಿನ ಅವರು ಮೇಜಿನ ತುಂಬ ಒಂದು ದೊಡ್ಡ ಫೋಟೊ ಹರಡಿದರು. ಕಂದುಬಣ್ಣದ, ತೂತುಬಿದ್ದ, ಅಂಚು ಹರಿದ ಹಾಳೆ. ಅದರ ತುಂಬ ಒತ್ತೊತ್ತಾಗಿ ಗ್ರೀಕ್ ಅಕ್ಷರ.

ಅವರು ಹೇಳಿದ್ದನ್ನೆಲ್ಲ ನಾನು ಬಾಯಿ ತೆರೆದುಕೊಂಡು ಕೇಳಿದೆ. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಈಜಿಪ್ಟನ್ನು ಆಳಿದವರು ಗ್ರೀಕ್ ಮಾತಾಡುವವರು. ಆಮೇಲೆ ರೋಮನ್ನರು ಬಂದರೂ ಕಚೇರಿಯ ಭಾಷೆ ಗ್ರೀಕೇ ಉಳಿಯಿತು. ಅಲ್ಲಿಯ ಒಂದು ಊರಿನವರು ಮರುಭೂಮಿಯಂಚಿನ ತಿಪ್ಪೆಗೆ ನೂರಾರು ವರ್ಷ ತಮ್ಮ ರದ್ದಿ ಎಸೆದಿದ್ದರು. ಮಳೆಯೇ ಇಲ್ಲದ ಜಾಗವಾದ್ದರಿಂದ ಅದು ಹಾಗೇ ಉಳಿದಿತ್ತು. ತಾಯಿಗೆ ಮಗ ಬರೆದ ಪತ್ರ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಜಗಳದ ಅರ್ಜಿ, ಮದುವೆಯ ಕರೆ, ಅವುಗಳ ನಡುವೆ ಈ ನಾಟಕ. ಸುಮಾರು ಸಾವಿರದೆಂಟುನೂರು ವರ್ಷ ಹಳೆಯದು. ಕೆಂಪು ಸಮುದ್ರದಿಂದ ಹಡಗುಗಳು ಮೆಣಸಿಗಾಗಿ ನಮ್ಮ ಪಶ್ಚಿಮ ಕರಾವಳಿಗೆ ಬಂದುಹೋಗುತ್ತಿದ್ದ ಕಾಲ. ನಾಟಕದಲ್ಲಿ ಒಬ್ಬ ಗ್ರೀಕ್ ಹುಡುಗಿ ಹಿಂದೂಸ್ತಾನದ ಯಾವುದೋ ಕಡಲತೀರದ ರಾಜನ ಕೈಗೆ ಸಿಕ್ಕಿಬಿದ್ದಿರುತ್ತಾಳೆ. ಅವಳ ಅಣ್ಣ ಹಡಗು ತರುತ್ತಾನೆ. ರಾಜನಿಗೂ ಅವನ ಕಡೆಯವರಿಗೂ ಚೆನ್ನಾಗಿ ಕುಡಿಸಿ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಜನರನ್ನು ನಗಿಸಲು ಒಬ್ಬ ವಿದೂಷಕ. ರಾಜ ಮತ್ತು ಅವನವರು ಮಾತಾಡುವ ಕಡೆ ಗ್ರೀಕ್ ನಿಂತು ಬೇರೇನೋ ಬರುತ್ತದೆ. ಅಕ್ಷರ ಗ್ರೀಕಿನವೇ, ಮಾತು ಮಾತ್ರ ಗ್ರೀಕಿನದಲ್ಲ.

"ನಮ್ಮವರ ಕಿವಿಗೆ ಗ್ರೀಕ್ ಅಲ್ಲದ ಭಾಷೆಯೆಲ್ಲ ಬರ್ ಬರ್ ಎಂದು ಕೇಳುತ್ತಿತ್ತು," ಎಂದು ಎಲೆನಿ ಇಂಗ್ಲಿಷಿನಲ್ಲಿ ಹೇಳಿದರು. "ಬಾರ್ಬೇರಿಯನ್ ಎಂಬ ಶಬ್ದ ಬಂದದ್ದೇ ಹಾಗೆ. ಇದನ್ನು ಬರೆದವನು ಸುಮ್ಮನೆ ಬರ್ ಬರ್ ಎಂದು ಬರೆದನೋ, ಅಥವಾ ಒಬ್ಬನಾದರೂ ಬಂದರಿನಲ್ಲಿ ನಿಂತು ನಿಮ್ಮವರ ಮಾತನ್ನು ಕಿವಿಗೊಟ್ಟು ಕೇಳಿದ್ದನೋ, ನನಗೆ ಅದು ತಿಳಿಯಬೇಕು ಗಿರಿಜಾ."

ಅವರು ಆ ಸಾಲುಗಳನ್ನು ಓದಿದರು. ನನಗೆ ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಓದಿದರು. ಆಗ ಒಂದು ಕಡೆ ಏನೋ ಕೇಳಿಸಿದಂತಾಯಿತು. ಕುಡಿಯುವುದಕ್ಕೆ, ಬಟ್ಟಲಿಗೆ ಸಂಬಂಧಪಟ್ಟ ಒಂದು ಶಬ್ದ. ಹಾಳೆಯಲ್ಲಿ ಪದಗಳ ನಡುವೆ ಜಾಗವೇ ಇರಲಿಲ್ಲ. ಒಂದಕ್ಕೊಂದು ಅಂಟಿಕೊಂಡು ಹೋಗುವ ಅಕ್ಷರಗಳನ್ನು ಎಲ್ಲಿ ಕಡಿಯಬೇಕೆಂಬುದು ಓದುವವರಿಗೇ ಬಿಟ್ಟದ್ದು. ಅದರ ಮೇಲೆ ಗ್ರೀಕಿನಲ್ಲಿ ನಮ್ಮ ಟ ಇಲ್ಲ, ಣ ಇಲ್ಲ, ಳ ಇಲ್ಲ. ಬರೆದವನು ತನಗೆ ಬಾರದ ಭಾಷೆಯನ್ನು ಕೇಳಿ ಬರೆದಿರಬೇಕು, ಇಲ್ಲವೇ ಯಾರೋ ಬರೆದದ್ದನ್ನು ನೋಡಿ ನಕಲು ಮಾಡಿರಬೇಕು. ಹಾಗಾಗಿ ಒಂದು ತ ಇದ್ದರೆ ಅದನ್ನು ಟ ಮಾಡಿಕೊಳ್ಳಬಹುದು, ಲ ಇದ್ದರೆ ಳ ಮಾಡಿಕೊಳ್ಳಬಹುದು. ಎಲೆನಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟದ್ದನ್ನು ಇಟ್ಟುಕೊಂಡು ನಾನು ಎರಡು ತಿಂಗಳು ಅದನ್ನೇ ಮಾಡಿದೆ. ಇಲ್ಲಿ ಕಡಿದೆ, ಅಲ್ಲಿ ಕೂಡಿಸಿದೆ. ರೈಲಿನಲ್ಲಿ ಕೂತು, ಅಡುಗೆ ಮಾಡುತ್ತ, ಬಾಯಲ್ಲಿ ಅದೇ ಸಾಲುಗಳು. ಡಿಸೆಂಬರಿನ ಮಳೆ ಶುರುವಾಗಿ ಹೊಗೆ ತೊಳೆದುಹೋಗುವ ಹೊತ್ತಿಗೆ ಅರ್ಧದಷ್ಟು ಸಾಲುಗಳಿಗೆ ನಾನು ಕನ್ನಡ ಕೂರಿಸಿದ್ದೆ. ಖಚಿತವೇ ಎಂದು ಎಲೆನಿ ಪ್ರತಿ ಸಲ ಕೇಳುತ್ತಿದ್ದರು. ಖಚಿತ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ನನಗೆ ನಿಜವಾಗಿ ಕೇಳುತ್ತಿತ್ತು.

ಈ ಸುದ್ದಿ ವಿದ್ಯಾಳಿಂದ ಎಲ್ಲರಿಗೂ ತಲುಪಿತು. ಸಂಕ್ರಾಂತಿಯ ಕಾರ್ಯಕ್ರಮದಲ್ಲಿ ನನ್ನದೊಂದು ಭಾಷಣ ಇಟ್ಟರು. ಗ್ರೀಕ್ ರಂಗದ ಮೇಲೆ ಕನ್ನಡ ಎಂದು ಮೇಲ್ ಕಳಿಸಿ, ಕೆಳಗೆ ನನ್ನ ಹೆಸರು ಹಾಕಿದರು. ಗದಗಿನಲ್ಲಿ ಅಪ್ಪ ಫೋನಿನಲ್ಲಿ ಕೇಳಿ, ಕಲಿತದ್ದು ದಂಡ ಆಗ್ಲಿಲ್ಲ ನೋಡವಾ ಎಂದರು. ಶಿವಾನಂದ ಕೂಡ ಆಫೀಸಿನಲ್ಲಿ ಹೇಳಿಕೊಂಡಿದ್ದರಂತೆ.

ಜನವರಿಯ ಎರಡನೇ ವಾರ, ಮಂಗಳವಾರ. ಬೆಳಗಿನಿಂದ ಬಿಡದೆ ಮಳೆ. ಎಲೆನಿ ಹಿಂದಿನ ವಾರ ಮೂರು ಹಾಳೆ ಕೊಟ್ಟು, ಇವು ಇನ್ನೂ ನೋಡದ ಸಾಲುಗಳು, ಓದಿಕೊಂಡು ಬನ್ನಿ ಎಂದಿದ್ದರು. ನಾನು ಓದಿಕೊಂಡು ಹೋಗಿದ್ದೆ. ಮೊದಲೆರಡು ಕಷ್ಟವಾದವು, ಮೂರನೆಯದು ಮಾತ್ರ ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ರಾಜ ತನ್ನವರಿಗೆ, ತಡ ಮಾಡಬೇಡಿ, ಹೆಣ್ಣನ್ನು ಒಳಗೆ ಕರೆತನ್ನಿ ಎನ್ನುತ್ತಾನೆ ಎಂದು ಸಾಲು ಸಾಲಾಗಿ ಬಿಡಿಸಿ ತೋರಿಸಿದೆ. ಎಲೆನಿ ನಡುವೆ ಬಾಯಿ ಹಾಕದೆ ಕೇಳಿದರು. ಶಾಲನ್ನು ಸರಿಮಾಡಿಕೊಂಡರು.

"ಗಿರಿಜಾ, ಮೂರನೆಯ ಹಾಳೆ ಆ ನಾಟಕದ್ದಲ್ಲ. ಅದನ್ನು ನಾನೇ ಬರೆದೆ. ಬಾಯಿಗೆ ಬಂದ ಅಕ್ಷರಗಳನ್ನು ಸುಮ್ಮನೆ ಜೋಡಿಸಿದ್ದು. ಅದಕ್ಕೆ ಯಾವ ಅರ್ಥವೂ ಇಲ್ಲ."

ನನಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಎಲ್ಲಿ ನೋಡಬೇಕೆಂದು ಗೊತ್ತಾಗಲಿಲ್ಲ. ನನ್ನದೇ ಕೈಬರಹ ಎದುರಿಗಿತ್ತು, ಅಚ್ಚುಕಟ್ಟಾಗಿ, ಕೆಂಪು ಪೆನ್ನಿನಲ್ಲಿ ಕಡಿದ ಗೆರೆಗಳೊಂದಿಗೆ. ನನ್ನನ್ನು ಹಿಡಿಯಲು ಹೀಗೆ ಮಾಡಿದಿರಾ ಎಂದು ಕೇಳಿದೆ. ಅವರು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ತಮ್ಮ ಭಾಷೆಯನ್ನು ಹುಡುಕುವವರಿಗೆ ಅದು ಎಲ್ಲೆಲ್ಲೂ ಸಿಗುತ್ತದೆ, ತಾವೂ ಚಿಕ್ಕವರಿದ್ದಾಗ ಒಂದು ಹಳೇ ಶಿಲಾಶಾಸನದಲ್ಲಿ ಬೇಕಾದ್ದನ್ನೆಲ್ಲ ಓದಿ ಆಮೇಲೆ ನಾಚಿಕೆಪಟ್ಟಿದ್ದಾಗಿ ಹೇಳಿದರು. ಹಾಗಾದರೆ ಅದು ಕನ್ನಡ ಅಲ್ಲವೇ ಎಂದೆ.

"ಹಾಗೆಂದು ನಾನೆಲ್ಲಿ ಹೇಳಿದೆ? ನೀವು ತಪ್ಪಿದ್ದರಿಂದ ಅದು ಕನ್ನಡ ಅಲ್ಲ ಎಂದಾಗುವುದಿಲ್ಲ. ಕನ್ನಡ ಇರಬಹುದು. ನಿಮ್ಮ ಕಿವಿಯಿಂದ ಅದನ್ನು ತೀರ್ಮಾನಿಸಲು ಬರುವುದಿಲ್ಲ, ಅಷ್ಟೆ. ನನ್ನ ಕಿವಿಯಿಂದಲೂ ಬರುವುದಿಲ್ಲ."

ಇದು ನನಗೆ ಸಮಾಧಾನವಾಯಿತೋ ಇನ್ನಷ್ಟು ಕಷ್ಟವಾಯಿತೋ ಇವತ್ತಿಗೂ ಹೇಳಲಾರೆ. ಸುಳ್ಳೆಂದು ಹೇಳಿಬಿಟ್ಟಿದ್ದರೆ ಅತ್ತು ಮುಗಿಸುತ್ತಿದ್ದೆ.

ವಾಪಸು ಬರುವಾಗ ರೈಲು ಸುರಂಗದೊಳಗೆ ಸಾಗಿ ಸೆಂಗ್‌ಕಾಂಗ್ ಮುಟ್ಟುವವರೆಗೂ ತಲೆಯಲ್ಲಿ ಆ ಮೂರನೆಯ ಹಾಳೆಯೇ. ಅಲ್ಲಿ ಲೈಟ್ ರೈಲಿಗೆ ಕಾಯುತ್ತ ಚೀಲದಲ್ಲಿ ಕೊಡೆ ಹುಡುಕಿದೆ, ನೀಲಾಳ ಡೈರಿ ಕೈಗೆ ಬಂತು. ಅದನ್ನೂ ಜೊತೆಗೇ ಇಟ್ಟುಕೊಂಡು ತಿರುಗುತ್ತಿದ್ದೆ. ತೆಗೆದು ನೋಡಿದೆ. 'ಅಬಾ', 'ನೂ', 'ಗೆಗೆ'. ಪಕ್ಕದಲ್ಲಿ ನಾನು ಬರೆದ ಅರ್ಥಗಳು. ಎರಡು ರೈಲು ಬಂದುಹೋದವು, ನಾನು ಹತ್ತಲಿಲ್ಲ.

ಶಿವಾನಂದ ಆ ದಿನ ಬೆಳಗಿನ ಶಿಫ್ಟ್ ಮುಗಿಸಿ ಮನೆಯಲ್ಲಿದ್ದರು. ನೀಲಾ ನಡುಮನೆಯ ನೆಲದ ಮೇಲೆ ಕೂತು ಡಬ್ಬಿಗಳನ್ನು ಒಂದರೊಳಗೊಂದು ಹಾಕುತ್ತಿದ್ದಳು. ನಾನು ಒದ್ದೆ ಬಟ್ಟೆಯಲ್ಲೇ ನಿಂತು, ಅವಳ ಬೆನ್ನ ಹಿಂದೆ ನಿಂತು ಹೆಸರು ಕರೆಯಿರಿ, ಅವಳಿಗೆ ಕಾಣಿಸಿಕೊಳ್ಳಬೇಡಿ ಎಂದೆ. ಯಾಕೆ ಎಂದು ಕೇಳಿದವರು ನನ್ನ ಮುಖ ನೋಡಿ ಅವಳ ಹಿಂದೆ ಹೋಗಿ ನಿಂತರು. ಕರೆದರು. ಅವಳು ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ ಕರೆದರು. ಡಬ್ಬಿ ಡಬ್ಬಿಯೊಳಗೆ ಹೋಯಿತು, ಅವಳು ತಿರುಗಲಿಲ್ಲ. ಅವರು ಜೋರಾಗಿ ಕೂಗಿದಾಗ ಮಾತ್ರ ತಲೆ ಎತ್ತಿ, ಯಾವ ಕಡೆ ನೋಡಬೇಕೆಂದು ತಿಳಿಯದವಳಂತೆ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಎದುರಿಗೆ ಕೂತು ಮಾತಾಡಿದರೆ ಅವಳು ಕಣ್ಣರಳಿಸಿ ನಗುತ್ತಿದ್ದಳು, ಏನೋ ಒಂದು ಗುನುಗುತ್ತಿದ್ದಳು. ನಾವು ಯಾವಾಗಲೂ ಎದುರಿಗೇ ಕೂತು ಮಾತಾಡಿಸುತ್ತಿದ್ದೆವು. ಅವಳು ನೋಡುತ್ತಿದ್ದದ್ದು ನಮ್ಮ ಮುಖವನ್ನು.

ಮರುದಿನ ಪಾಲಿಕ್ಲಿನಿಕ್ಕಿಗೆ ಹೋಗಿ, ನಾನು ಹಿಂದೆ ಹೇಳಿದ್ದು ತಪ್ಪು, ಮಗು ಒಂದು ಪದವನ್ನೂ ಆಡುವುದಿಲ್ಲ, ಕಿವಿ ಕೇಳಿಸುತ್ತಿಲ್ಲವೆಂದು ಕಾಣುತ್ತದೆ ಎಂದೆ. ಡಾಕ್ಟರ್ ಹಳೇ ಫಾರ್ಮ್ ತೆಗೆದು ನೋಡಿದರು. ಹನ್ನೊಂದು ಪದ ಎಂದು ತಾಯಿ ಹೇಳಿದ್ದಾರೆ ಎಂಬ ಸಾಲಿನ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಅವರು ನನ್ನನ್ನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು.

ಆ ಶನಿವಾರವೇ ಸಂಕ್ರಾಂತಿ ಕಾರ್ಯಕ್ರಮ. ವಿದ್ಯಾಗೆ ಫೋನ್ ಮಾಡಿ ನನ್ನಿಂದಾಗುವುದಿಲ್ಲ ಎಂದೆ, ಕಾರಣವನ್ನೂ ಹೇಳಿದೆ. ಮಗಳ ಬಗ್ಗೆ ಕೇಳಿ ಅವಳು ನಿಜವಾಗಿಯೂ ನೊಂದುಕೊಂಡಳು. ಭಾಷಣದ ವಿಷಯ ಬಂದಾಗ ಮಾತ್ರ ಬಗ್ಗಲಿಲ್ಲ. "ಕ್ಯಾನ್ಸಲ್ ಮಾಡಕ್ಕಾಗಲ್ಲ ಕಣೇ, ಎಲ್ರಿಗೂ ಮೇಲ್ ಹೋಗ್ಬಿಟ್ಟಿದೆ. ವಿದ್ವಾಂಸರು ಹೇಳಿದಾರಲ್ಲ, ಅದನ್ನೇ ಹೇಳು ಸಾಕು. ಆ ಫೇಕ್ ಪೇಜ್ ಕತೆಯೆಲ್ಲ ಯಾಕೆ?"

ಹೋದೆ. ಬ್ಲಾಕಿನ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮೈಕು, ಎಳ್ಳುಬೆಲ್ಲದ ಪೊಟ್ಟಣಗಳು. ವಿದ್ಯಾ ಹೇಳಿದಂತೆ ಹೇಳಿ ಕೂತುಬಿಡಬೇಕೆಂದೇ ಎದ್ದೆ. ಈಜಿಪ್ಟಿನ ತಿಪ್ಪೆ, ಹಡಗು, ರಾಜ, ಹುಡುಗಿ, ಎಲ್ಲ ಚೆನ್ನಾಗಿ ಬಂತು. ಜನ ಮುಂದೆ ಬಾಗಿ ಕೇಳುತ್ತಿದ್ದರು. ಅದು ಕನ್ನಡ ಎನ್ನುವ ಮಾತಿಗೆ ಬಂದಾಗ ಹಾಗೆ ಹೇಳಲಾಗಲಿಲ್ಲ. ಮೂರನೆಯ ಹಾಳೆಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅದು ಕನ್ನಡವೋ ಅಲ್ಲವೋ ನನಗೆ ಗೊತ್ತಿಲ್ಲ, ಕನ್ನಡವೆಂದು ವಾದಿಸಿದ ದೊಡ್ಡವರಿದ್ದಾರೆ, ಒಪ್ಪದ ದೊಡ್ಡವರೂ ಇದ್ದಾರೆ, ನಾನು ಹೇಳಿಕೊಂಡು ತಿರುಗಿದ್ದು ಮಾತ್ರ ನಾನೇ ಕೂರಿಸಿದ್ದು ಎಂದೆ. ಮೊದಲ ಸಾಲಿನಲ್ಲಿ ಮಗನ ಮನೆಗೆ ಬಂದಿದ್ದ ಮೈಸೂರಿನ ಹಿರಿಯರೊಬ್ಬರು ಕೂತಿದ್ದರು.

"ಗೊತ್ತಿಲ್ಲ ಅನ್ನೋದಕ್ಕೆ ಮೈಕ್ ಯಾಕಮ್ಮ ಬೇಕಿತ್ತು?" ಎಂದರು.

ಎಲ್ಲರೂ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ. ವಿದ್ಯಾ ಮೈಕ್ ತೆಗೆದುಕೊಂಡು ಮುಂದಿನ ಹಾಡಿಗೆ ಕರೆದಳು. ಅವಳು ಅದಾದ ಮೇಲೆ ಬಹಳ ದಿನ ನನಗೆ ಫೋನ್ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ನೀಲಾಳನ್ನು ಸದ್ದು ಒಳಗೆ ಬಾರದ ಒಂದು ಪುಟ್ಟ ಕೋಣೆಯಲ್ಲಿ ನನ್ನ ತೊಡೆಯ ಮೇಲೆ ಕೂರಿಸಿ ಪರೀಕ್ಷೆ ಮಾಡಿದರು. ಒಂದೊಂದು ಕಡೆಯಿಂದ ಸದ್ದು ಬರುತ್ತಿತ್ತು, ಅವಳು ಆ ಕಡೆ ತಿರುಗಿದರೆ ಒಂದು ಗೊಂಬೆಗೆ ದೀಪ ಹತ್ತಿ ಕುಣಿಯುತ್ತಿತ್ತು. ನನಗೆ ಕೇಳಿದ ಎಷ್ಟೋ ಸದ್ದಿಗೆ ಗೊಂಬೆ ಕುಣಿಯಲೇ ಇಲ್ಲ. ತಿರುಗು ಎಂದು ನನ್ನ ತೊಡೆಯನ್ನು ಸ್ವಲ್ಪ ಅಲುಗಿಸಿದರೆ ಸಾಕಿತ್ತು, ಅವಳು ತಿರುಗುತ್ತಿದ್ದಳು. ಹಾಗೆ ಮಾಡಬೇಕೆಂದು ಎಷ್ಟು ಆಸೆಯಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಅಲ್ಲಾಡದೆ ಕಲ್ಲಿನ ಹಾಗೆ ಕೂತೆ.

ಎರಡೂ ಕಿವಿಯ ತಮಟೆಯ ಹಿಂದೆ ಗೋಂದಿನಂಥ ನೀರು ತುಂಬಿಕೊಂಡಿದೆ ಎಂದರು ಡಾಕ್ಟರ್. ಮಗು ಇಷ್ಟು ದಿನ ನೀರಿನಲ್ಲಿ ಮುಳುಗಿ ಕೂತು ಹೊರಗಿನವರ ಮಾತು ಕೇಳಿದ ಹಾಗೆ ಕೇಳಿದೆ, ಸಣ್ಣ ಆಪರೇಶನ್ ಮಾಡಿ ನೀರು ತೆಗೆದು ಪುಟ್ಟ ಕೊಳವೆ ಕೂರಿಸುತ್ತೇವೆ ಎಂದು ಹೇಳಿದರು. ಮಾತು ಬರುತ್ತದೆಯೇ ಎಂದು ಶಿವಾನಂದ ಕೇಳಿದರು. ಬರಬೇಕು, ಆದರೆ ಯಾವಾಗ, ಎಷ್ಟು ಎಂದು ಹೇಳಲಾಗದು ಎಂದರು. ಮನೆಯಲ್ಲಿ ಯಾವ ಭಾಷೆ ಆಡಬೇಕೆಂದು ನಾನು ಕೇಳಿದೆ. ಡಾಕ್ಟರ್ ನಕ್ಕು, ನಿಮಗೆ ಚೆನ್ನಾಗಿ ಬರುವುದನ್ನು ಆಡಿ ಎಂದರು. ಹೊರಗೆ ಬಂದು ಲಿಫ್ಟಿಗೆ ಕಾಯುವಾಗ ನಾನು ಶಿವಾನಂದರಿಗೆ, ಅಕ್ಟೋಬರಿನಲ್ಲೇ ನಿಜ ಹೇಳಿದ್ದರೆ ಅಕ್ಟೋಬರಿನಲ್ಲೇ ಗೊತ್ತಾಗುತ್ತಿತ್ತು ಎಂದೆ. ಅವರು ನೀಲಾಳನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ನನಗೂ ಆಕಿ ಮಾತಾಡ್ತಾಳಂತ ಅನಿಸಿದ್ರ ನಾನೂ ಹಂಗ ಹೇಳ್ತಿದ್ದೆ," ಎಂದರು.

ಫೆಬ್ರವರಿಯಲ್ಲಿ ಆಪರೇಶನ್ ಆಯಿತು, ಅದೇ ದಿನ ಮನೆಗೆ ಬಂದೆವು. ಮರುದಿನ ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದಾಗ ನೀಲಾ ಹೆದರಿ ಓಡಿಬಂದು ನನ್ನ ಕಾಲು ತಬ್ಬಿಕೊಂಡಳು. ಹೊರಗಿನ ಬಸ್ಸಿಗೆ, ಲಿಫ್ಟಿನ ಗಂಟೆಗೆ, ಟಾಯ್ಲೆಟ್ಟಿನ ನೀರಿಗೆ, ಎಲ್ಲಕ್ಕೂ ಬೆಚ್ಚುತ್ತಿದ್ದಳು. ಆದರೆ ಗುನುಗುವುದನ್ನು ನಿಲ್ಲಿಸಿಬಿಟ್ಟಳು. ಇದನ್ನು ನಾವು ಎಣಿಸಿರಲಿಲ್ಲ. ಇಡೀ ಮನೆ ಸ್ತಬ್ಧವಾಯಿತು. ಅವಳು ಬಾಯಿ ಮುಚ್ಚಿಕೊಂಡು ಎಲ್ಲರ ಬಾಯನ್ನೂ ನೋಡುತ್ತಿದ್ದಳು. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯದೆ ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಕೇಳಿಸಿಕೊಳ್ಳುತ್ತಿದ್ದಾಳೆ, ಬಿಡಿ ಎಂದು ಆಸ್ಪತ್ರೆಯವರು ಹೇಳಿದರು.

ಮಾರ್ಚಿನಲ್ಲಿ ಎಲೆನಿಯವರ ನಾಟಕ. ನಾನು ಕೆಲಸ ಬಿಟ್ಟಿರಲಿಲ್ಲ. ಅರ್ಥ ಹೇಳುವುದನ್ನು ಬಿಟ್ಟು, ಆ ಸಾಲುಗಳನ್ನು ನಮ್ಮ ಕಡೆಯವರು ಮಾತಾಡುವ ಧಾಟಿಯಲ್ಲಿ ಹೇಗೆ ಅನ್ನಬಹುದೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ಅದು ನನಗೆ ಗೊತ್ತಿದ್ದ ವಿಷಯ. ರಾಜನ ಭಾಷೆ ಯಾವುದೆಂದು ತೀರ್ಮಾನವಾಗಿಲ್ಲ, ಕನ್ನಡವೆಂಬ ಅಭಿಪ್ರಾಯವೂ ಇದೆ ಎಂದು ಎಲೆನಿ ಪರಿಚಯದ ಹಾಳೆಯಲ್ಲಿ ಬರೆದಿದ್ದರು. ಮಧ್ಯಾಹ್ನದ ಪ್ರಯೋಗಕ್ಕೆ ಶಿವಾನಂದ ರಜೆ ಹಾಕಿ ಬಂದರು. ರಾಜ ಕುಡಿದು ತೂರಾಡುತ್ತ ಮಾತಾಡಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮತ್ತೆ ಕೇಳಿಸಿತು. ಬೇಡ ಬೇಡವೆಂದರೂ, ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ, ಕನ್ನಡ. ಶಿವಾನಂದ ನನ್ನ ಕಡೆ ವಾಲಿದರು.

"ಇದು ನಮ್ಮ ಮಾತ ಐತಲ್ಲ?"

"ಗೊತ್ತಿಲ್ರಿ," ಎಂದೆ.

ಅವರು ಇನ್ನೊಂದು ನಿಮಿಷ ಕಿವಿಗೊಟ್ಟು ಕೇಳಿ, ತಾವಾಗಿಯೇ ತಲೆಯಾಡಿಸಿ ನಕ್ಕರು. ಎಲೆನಿ ಮೇ ತಿಂಗಳ ಹೊತ್ತಿಗೆ ಊರಿಗೆ ಹೊರಟುಹೋದರು. ಹೋಗುವ ಮುಂಚೆ ನೀಲಾಳನ್ನು ನೋಡಲು ಸೆಂಗ್‌ಕಾಂಗಿಗೆ ಬಂದು, ನನ್ನ ಕೈಯ ರೊಟ್ಟಿ ಎಣ್ಣೆಗಾಯಿ ಉಂಡು, ಖಾರಕ್ಕೆ ಕಣ್ಣೊರೆಸಿಕೊಂಡರು.

ಅವರು ಹೋಗುವುದಕ್ಕೆ ಮುಂಚಿನ ಮಾತು ಇದು, ಏಪ್ರಿಲಿನ ಒಂದು ಭಾನುವಾರ. ಸೆಖೆಗೆ ಮುಂಬಾಗಿಲು ತೆರೆದಿಟ್ಟಿದ್ದೆವು. ಲಿಮ್ ಆಂಟಿ ಹೊಸ್ತಿಲಲ್ಲಿ ನಿಂತು ಸಂತೆಗೆ ಹೋಗಿಬಂದದ್ದನ್ನು ಹೇಳುತ್ತಿದ್ದರು. ನಾನು ನೀಲಾಗೆ ಮೊಸರನ್ನ ತಿನ್ನಿಸುತ್ತಿದ್ದೆ. ನಾಲ್ಕು ತುತ್ತು ತಿಂದವಳು ಐದನೆಯದಕ್ಕೆ ಮುಖ ತಿರುಗಿಸಿ, ನನ್ನ ಕೈ ತಳ್ಳಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಬ್ಯಾಯಾವ್."

ಶಿವಾನಂದ ಪೇಪರ್ ಕೆಳಗಿಟ್ಟರು. "ಬ್ಯಾಡವ್ವಾ ಅಂದ್ಳು," ಎಂದರು.

ಲಿಮ್ ಆಂಟಿ ಚಪ್ಪಲಿ ಬಿಟ್ಟು ಒಳಗೇ ಬಂದರು. "ನೋ, ನೋ. ಶೀ ಸೇ ಬೂ ಯಾವ್. ಐ ಟೀಚ್ ಹರ್. ಚೈನೀಸ್ ಲಾ. ಡೋಂಟ್ ವಾಂಟ್."

ಇಬ್ಬರೂ ನನ್ನ ಕಡೆ ನೋಡಿದರು. ಅವ್ವ ಎಂದು ಅವಳು ನನ್ನನ್ನು ಕರೆಯಲಿ ಎಂದು ಮೂರು ವರ್ಷ ಕಾದವಳು ನಾನು. ಅವಳ ತುಟಿಯನ್ನೇ ನೋಡಿದೆ. ಅವಳು ಇನ್ನೊಮ್ಮೆ, ಈ ಸಲ ಸಿಟ್ಟಿನಿಂದ, ಅದನ್ನೇ ಹೇಳಿದಳು. ಶಿವಾನಂದರು ಹೇಳಿದಂತೆಯೂ ಕೇಳಿತು, ಲಿಮ್ ಆಂಟಿ ಹೇಳಿದಂತೆಯೂ ಕೇಳಿತು. ಎಷ್ಟು ಕಿವಿಗೊಟ್ಟರೂ ಬೇರೆ ಮಾಡಲು ನನ್ನಿಂದಾಗಲಿಲ್ಲ. ಅನ್ನ ಬೇಡವಾಗಿತ್ತು ಅವಳಿಗೆ. ಆಯ್ತವ್ವಾ ಎಂದು ತಟ್ಟೆ ತೆಗೆದಿಟ್ಟೆ.